ಮಾತುಕತೆಯಿಂದ ಅಣುಯುದ್ಧ ನಿಜಕ್ಕೂ ತಪ್ಪುತ್ತದಾ, ಇಲ್ಲ ಬರೀ ಫೋಟೋಗೆ ಕೈ ಕುಲುಕುವುದಾ?

ನಿದ್ದೆಗೆಟ್ಟವ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಮೊನ್ನೆ ಊಟಕ್ಕೆ ಕೂತಾಗ ಭಾವನಿಗೂ ನನಗೂ ಜೋರು ವಾದ ಆಯಿತು. ಟಿವಿಯಲ್ಲಿ ಯಾರೋ ಇಬ್ಬರು ನಾಯಕರು ಕೈ ಕುಲುಕುತ್ತಿದ್ದರು. ‘ಸದ್ಯ, ಮಾತಾಡುತ್ತಿದ್ದಾರಲ್ಲ’ ಅಂದೆ ನಾನು. ಭಾವ ನಕ್ಕುಬಿಟ್ಟರು. ದೊಡ್ಡ ಯುದ್ಧ ಆಗದೆ ಇರುವುದಕ್ಕೆ ಕಾರಣ ಬಾಂಬು, ಮಾತುಕತೆ ಅಲ್ಲ ಅನ್ನುವುದು ಅವರ ವಾದ. ಇಬ್ಬರ ಹತ್ತಿರವೂ ಇದೆ, ಇಬ್ಬರಿಗೂ ಭಯ ಇದೆ, ಮುಗಿಯಿತು. ಒಪ್ಪಂದ ಅಂದರೆ ಬೇಡವಾದಾಗ ಹರಿದು ಎಸೆಯುವ ಕಾಗದ. ಇರಾನ್ ಬಾಂಬ್ ಮಾಡದಿರಲಿ ಅಂತ ಮಾಡಿಕೊಂಡ ಒಪ್ಪಂದದಿಂದ ಅಮೆರಿಕ 2018ರಲ್ಲಿ ಹೊರಗೆ ಬಂತು, ಮಧ್ಯಮ ದೂರದ ಕ್ಷಿಪಣಿ ನಿಷೇಧಿಸಿದ್ದ ಐಎನ್‌ಎಫ್‌ನಿಂದ 2019ರಲ್ಲಿ ಬಂತು, ಅಮೆರಿಕ, ರಷ್ಯಾಗಳ ಅಣ್ವಸ್ತ್ರಕ್ಕೆ ಮಿತಿ ಹಾಕಿದ್ದ ನ್ಯೂ ಸ್ಟಾರ್ಟ್ ಒಪ್ಪಂದವನ್ನು ರಷ್ಯಾ 2023ರಲ್ಲಿ ಅಮಾನತಿನಲ್ಲಿಟ್ಟಿತು. ಒಂದೊಂದಕ್ಕೂ ಒಂದೊಂದು ಬೆರಳು ಮಡಚಿ ಹೇಳಿದರು. ನನಗೆ ಉತ್ತರ ಹೊಳೆಯಲಿಲ್ಲ, ಸುಮ್ನೆ ತಟ್ಟೆ ನೋಡುತ್ತಾ ಕೂತೆ.

ರಾತ್ರಿ ನಿದ್ದೆ ಬರಲಿಲ್ಲ. ಯುದ್ಧ ಕೆಟ್ಟದ್ದು ಅನ್ನುವ ಭಾಷಣ ನನಗೆ ಬೇಡ, ಅದು ಭಾವನಿಗೂ ಗೊತ್ತು. ಮಾತುಕತೆಯಿಂದಲೇ ಅಪಾಯ ಕಡಿಮೆ ಆಯಿತು ಅಂತ ಬೆರಳಿಟ್ಟು ತೋರಿಸುವಂಥ ಸಂಗತಿ ಏನಾದರೂ ಇದೆಯಾ? ಇಲ್ಲ ಅಂದರೆ ಇಲ್ಲ ಅಂತಲೇ ಹೇಳಿ. ಭಾವನ ಕಡೆಯವರು ಇದ್ದರೆ ಅವರೂ ಬರೆಯಿರಿ.

---

ಹಳೇ ಟೆಲಿಪ್ರಿಂಟರ್

ನಾನು ಇಪ್ಪತ್ತು ವರ್ಷ ಟೆಲಿಪ್ರಿಂಟರ್ (ತಂತಿಯ ಮೇಲೆ ಅಕ್ಷರ ಕಳಿಸುವ ಟೈಪ್ ಮೆಷಿನ್) ಮುಂದೆ ಕೂತವನು. ಅದಕ್ಕೇ ಈ ವಿಷಯದಲ್ಲಿ ನನಗೆ ಮೊದಲು ನೆನಪಾಗುವುದು ಮೆಷಿನ್ನು, ನಾಯಕರು ಆಮೇಲೆ.

1962ರ ಅಕ್ಟೋಬರ್. ಕ್ಯೂಬಾದಲ್ಲಿ ಸೋವಿಯತ್ ಕ್ಷಿಪಣಿ ಇಟ್ಟಿದ್ದಾರೆ ಅಂತ ಅಮೆರಿಕಕ್ಕೆ ಗೊತ್ತಾಗಿ, ಹದಿಮೂರು ದಿನ ಪ್ರಪಂಚ ಉಸಿರು ಬಿಗಿಹಿಡಿದು ಕೂತಿತ್ತು. ಇದು ಎಲ್ಲರಿಗೂ ಗೊತ್ತು. ಆ ಹದಿಮೂರು ದಿನ ಅಮೆರಿಕದ ಅಧ್ಯಕ್ಷ ಕೆನಡಿ ಮತ್ತು ಸೋವಿಯತ್ ನಾಯಕ ಕ್ರುಶ್ಚೇವ್ ಹೇಗೆ ಮಾತಾಡಿದರು ಅನ್ನುವುದು ಅಷ್ಟು ಜನಕ್ಕೆ ಗೊತ್ತಿಲ್ಲ. ನೇರ ಫೋನ್ ಇರಲಿಲ್ಲ. ಕ್ರುಶ್ಚೇವ್ ಬರೆದ ಉದ್ದನೆಯ ಪತ್ರ ಮಾಸ್ಕೋದ ಅಮೆರಿಕನ್ ರಾಯಭಾರ ಕಚೇರಿಗೆ ಹೋಗಿ, ಅನುವಾದ ಆಗಿ, ಗುಪ್ತಲಿಪಿಗೆ ಇಳಿದು, ವಾಷಿಂಗ್ಟನ್ನಿನಲ್ಲಿ ಮತ್ತೆ ಬಿಡಿಸಿ ಓದುವ ಹೊತ್ತಿಗೆ ಸುಮಾರು 12 ಗಂಟೆ ಹಿಡಿಯಿತು. ವಾಷಿಂಗ್ಟನ್ನಿನಲ್ಲಿದ್ದ ಸೋವಿಯತ್ ರಾಯಭಾರಿ ಡೊಬ್ರಿನಿನ್ ಇನ್ನೂ ಮಜವಾದದ್ದು ಹೇಳಿಕೊಂಡಿದ್ದಾರೆ. ಅವರ ಸಂದೇಶ ತೆಗೆದುಕೊಂಡು ಹೋಗುವುದಕ್ಕೆ ತಂತಿ ಕಂಪನಿಯ ಹುಡುಗ ಸೈಕಲ್‌ನಲ್ಲಿ ಬರುತ್ತಿದ್ದನಂತೆ. ಆ ಹುಡುಗ ದಾರಿಯಲ್ಲಿ ಎಲ್ಲೂ ನಿಲ್ಲದೆ ಹೋಗಲಪ್ಪಾ ಅಂತ ಇವರು ದೇವರಿಗೆ ಕೈ ಮುಗಿಯುವುದು. ಅಣುಯುದ್ಧ ಆಗುತ್ತದೋ ಇಲ್ಲವೋ ಅನ್ನುವುದು ಒಂದು ಸೈಕಲ್ ಮೇಲೆ ಹೋಗುತ್ತಿತ್ತು! ಕೊನೆಗೆ ಅಕ್ಟೋಬರ್ 28ರಂದು ಕ್ರುಶ್ಚೇವ್ ಕ್ಷಿಪಣಿ ವಾಪಸ್ ತೆಗೆಯುವ ತಮ್ಮ ಒಪ್ಪಿಗೆಯನ್ನು ಮಾಸ್ಕೋ ರೇಡಿಯೋದಲ್ಲಿ ಓದಿಸಿಬಿಟ್ಟರು, ಪತ್ರ ತಲುಪುವವರೆಗೆ ಕಾಯುವ ಧೈರ್ಯ ಇರಲಿಲ್ಲ.

ಇಬ್ಬರೂ ಹೆದರಿದ್ದು ಈ ತಡಕ್ಕೇ. ಎಂಟು ತಿಂಗಳೊಳಗೆ, 1963ರ ಜೂನ್ 20ರಂದು ಜಿನೀವಾದಲ್ಲಿ ವಾಷಿಂಗ್ಟನ್, ಮಾಸ್ಕೋ ನಡುವೆ ನೇರ ಸಂಪರ್ಕ ಇಡುವ ಹಾಟ್‌ಲೈನ್ ಒಪ್ಪಂದಕ್ಕೆ ಸಹಿ ಬಿತ್ತು, ಆಗಸ್ಟ್ 30ರಂದು ಲೈನ್ ಶುರುವಾಯಿತು. ಕೆಂಪು ಫೋನ್ ಅಂತ ಎಲ್ಲರೂ ಅಂದುಕೊಂಡಿದ್ದಾರೆ. ಅಲ್ಲ, ಅದು ನಮ್ಮ ಟೆಲಿಪ್ರಿಂಟರೇ. ಬೇಕಂತಲೇ ಹಾಗೆ ಮಾಡಿದರು. ಫೋನಿನಲ್ಲಿ ದನಿ ಏರುತ್ತದೆ, ಅನುವಾದಕ ಒಂದು ಪದ ತಪ್ಪಿದರೆ ಕೆಲಸ ಕೆಟ್ಟಿತು. ಬರೆದದ್ದನ್ನು ಎರಡು ಸಲ ಓದಬಹುದು. ಇವರು ಇಂಗ್ಲಿಷಿನಲ್ಲಿ, ಅವರು ರಷ್ಯನ್‌ನಲ್ಲಿ, ಅವರವರ ಭಾಷೆಯಲ್ಲೇ ಕಳಿಸುವುದು ಅಂತ ಮಾಡಿಕೊಂಡರು. ವಾಷಿಂಗ್ಟನ್, ಲಂಡನ್, ಕೋಪನ್‌ಹೇಗನ್, ಸ್ಟಾಕ್‌ಹೋಮ್, ಹೆಲ್ಸಿಂಕಿ, ಮಾಸ್ಕೋ ಅಂತ ಕೇಬಲ್ ಹೋಗುತ್ತಿತ್ತು. ಒಂದು ಸಲ ಫಿನ್‌ಲ್ಯಾಂಡಿನ ರೈತನೊಬ್ಬ ಹೊಲ ಉಳುವಾಗ ಅದನ್ನು ಕತ್ತರಿಸಿದ್ದೂ ಉಂಟು.

ಲೈನ್ ಸರಿಯಾಗಿದೆಯಾ ಅಂತ ಗಂಟೆ ಗಂಟೆಗೂ ಪರೀಕ್ಷೆ. ಏನು ಕಳಿಸಬೇಕು? ರಾಜಕೀಯದ ಮಾತು ಕಳಿಸುವ ಹಾಗಿಲ್ಲ, ಅಪಾರ್ಥ ಆಗುತ್ತದೆ. ಕತೆ, ಪ್ರಬಂಧದ ತುಣುಕು ಕಳಿಸುತ್ತಿದ್ದರು. ಸುಮ್ಮನೆ ಊಹಿಸಿಕೊಳ್ಳಿ, ರಾತ್ರಿ ಎರಡು ಗಂಟೆಗೆ ಒಬ್ಬ ಆಪರೇಟರ್ ಶತ್ರು ದೇಶಕ್ಕೆ ಕತೆಯ ಒಂದು ಪುಟ ಹೊಡೆಯುತ್ತಾ ಕೂತಿರುವುದನ್ನು.

ಇದು ಕೆಲಸಕ್ಕೆ ಬಂತಾ ಅಂದರೆ, ಬಂತು. 1967ರ ಜೂನ್‌ನಲ್ಲಿ ಅರಬ್-ಇಸ್ರೇಲ್ ಯುದ್ಧ ನಡೆಯುವಾಗ ಇಸ್ರೇಲಿನವರು ತಪ್ಪಿ ಅಮೆರಿಕದ ಲಿಬರ್ಟಿ ಅನ್ನುವ ಹಡಗಿನ ಮೇಲೆ ದಾಳಿ ಮಾಡಿದರು. ಸಹಾಯಕ್ಕೆ ಅಮೆರಿಕದ ಯುದ್ಧವಿಮಾನ ಹೊರಟವು. ಅಲ್ಲೇ ಹತ್ತಿರದಲ್ಲಿ ಸೋವಿಯತ್ ಹಡಗುಗಳೂ ಇದ್ದವು. ಅಮೆರಿಕದ ಅಧ್ಯಕ್ಷ ಜಾನ್ಸನ್ ಹಾಟ್‌ಲೈನಿನಲ್ಲಿ ಸೋವಿಯತ್ ಪ್ರಧಾನಿ ಕೊಸಿಗಿನ್‌ಗೆ ‘ಈ ವಿಮಾನ ಇಂಥ ಕೆಲಸಕ್ಕೆ ಹೋಗುತ್ತಿವೆ’ ಅಂತ ತಿಳಿಸಿದರು. ಅಷ್ಟೇ. ಏನೂ ಆಗಲಿಲ್ಲ. ಏನೂ ಆಗದೆ ಇದ್ದದ್ದಕ್ಕೆ ಯಾರೂ ಫೋಟೋ ತೆಗೆಯುವುದಿಲ್ಲ, ನಿಮ್ಮ ಭಾವನಿಗೆ ಕಾಣದಿರುವುದು ಇದೇ.

---

ನೇರಾನೇರ

ನಾನು ಭಾವನ ಪಕ್ಷ. ಹಾಟ್‌ಲೈನ್ ಕತೆ ಚೆನ್ನಾಗಿದೆ ಸಾರ್, ಆದರೆ ಹಾಟ್‌ಲೈನ್ ಯಾಕೆ ಬೇಕಾಯಿತು? ಎರಡೂ ಕಡೆ ಬಾಂಬ್ ಇದ್ದದ್ದಕ್ಕೆ. ಒಬ್ಬರ ಹತ್ತಿರ ಮಾತ್ರ ಇದ್ದಾಗ ಏನಾಯಿತು ಅಂತ ಹಿರೋಶಿಮಾ, ನಾಗಸಾಕಿ ನೋಡಿದವು.

ಉಕ್ರೇನನ್ನೇ ತಗೊಳ್ಳಿ. ಸೋವಿಯತ್ ಒಕ್ಕೂಟ ಒಡೆದಾಗ ಅದರ ನೆಲದಲ್ಲಿ ಪ್ರಪಂಚದ ಮೂರನೇ ದೊಡ್ಡ ಅಣ್ವಸ್ತ್ರ ರಾಶಿ ಇತ್ತು. 1994ರ ಡಿಸೆಂಬರ್ 5ರಂದು ಬುಡಾಪೆಸ್ಟಿನಲ್ಲಿ ರಷ್ಯಾ, ಅಮೆರಿಕ, ಬ್ರಿಟನ್ ಮೂವರೂ ‘ನಿಮ್ಮ ಗಡಿಯನ್ನು ಗೌರವಿಸುತ್ತೇವೆ’ ಅಂತ ಸಹಿ ಹಾಕಿಕೊಟ್ಟರು. ಉಕ್ರೇನ್ ಸಿಡಿತಲೆಗಳನ್ನೆಲ್ಲ (ಕ್ಷಿಪಣಿಯ ತುದಿಯ ಬಾಂಬು) ರಷ್ಯಾಕ್ಕೆ ಕಳಿಸಿತು. 2014ರಲ್ಲಿ ಕ್ರೈಮಿಯಾವನ್ನು ರಷ್ಯಾ ಕಿತ್ತುಕೊಂಡಿತು. 2022ರಲ್ಲಿ ಏನಾಯಿತು ಅಂತ ಹೇಳಬೇಕಾಗಿಲ್ಲ. ಲಿಬಿಯಾ 2003ರಲ್ಲಿ ಅಣ್ವಸ್ತ್ರ ಯೋಜನೆ ಕೈಬಿಟ್ಟಿತು, 2011ರಲ್ಲಿ ಅಲ್ಲಿನ ನಾಯಕ ಗಡಾಫಿ ಕತೆ ಮುಗಿಯಿತು. ಉತ್ತರ ಕೊರಿಯಾ ಬಿಡಲಿಲ್ಲ, ಅದರ ತಂಟೆಗೆ ಯಾರೂ ಹೋಗಿಲ್ಲ. ಇಷ್ಟು ಕಂಡಮೇಲೆ ಯಾವ ದೇಶ ಒಪ್ಪಂದ ನಂಬುತ್ತದೆ ಹೇಳಿ?

---

ಅಲಾರಂ ರೂಮ್

@ನೇರಾನೇರ, ಉಕ್ರೇನ್ ವಿಷಯದಲ್ಲಿ ನಿಮ್ಮ ಸಿಟ್ಟು ನ್ಯಾಯವೇ. (ಆ ಕ್ಷಿಪಣಿಗಳ ಉಡಾವಣಾ ಕೋಡ್ ಮಾಸ್ಕೋದ ಕೈಯಲ್ಲಿತ್ತು, ಅದೂ ನೆನಪಿರಲಿ. ಆದರೂ ಕೊಟ್ಟ ಮಾತು ಮುರಿದದ್ದು ಮುರಿದದ್ದೇ.)

ನನ್ನ ತಕರಾರು ಬೇರೆ. ನಾನು ಒಂದು ದೊಡ್ಡ ಕಾರ್ಖಾನೆಯ ಕಂಟ್ರೋಲ್ ರೂಮಿನಲ್ಲಿ ಶಿಫ್ಟ್ ಕೆಲಸ ಮಾಡುತ್ತೇನೆ. ನನ್ನ ಮುಂದೆ ದಿನಕ್ಕೆ ಎಷ್ಟೋ ಅಲಾರಂ ಹೊಡೆಯುತ್ತವೆ, ಮುಕ್ಕಾಲು ಪಾಲು ಸುಳ್ಳು. ಸೆನ್ಸರ್ ಮೇಲೆ ತೇವ ಕೂತಿರುತ್ತದೆ, ವೈರ್ ಸಡಿಲ ಆಗಿರುತ್ತದೆ. ‘ಇಬ್ಬರಿಗೂ ಭಯ ಇದೆ, ಅದಕ್ಕೇ ಯಾರೂ ಹೊಡೆಯುವುದಿಲ್ಲ’ ಅನ್ನುವ ಲೆಕ್ಕದಲ್ಲಿ ಮೆಷಿನ್ ಕೆಡುವುದೇ ಇಲ್ಲ, ಗಮನಿಸಿ. ನಿಜವಾದ ಮೆಷಿನ್ ಕೆಡುತ್ತದೆ.

1962ರ ಅಕ್ಟೋಬರ್ 25, ಮಧ್ಯರಾತ್ರಿ. ಅಮೆರಿಕದ ಡುಲೂತ್ ಅನ್ನುವ ಕಡೆ ಸೇನಾ ನೆಲೆಯ ಬೇಲಿ ಯಾರೋ ಹತ್ತುತ್ತಿರುವ ಹಾಗೆ ಕಾವಲುಗಾರನಿಗೆ ಕಂಡಿತು. ಗುಂಡು ಹಾರಿಸಿ ಅಲಾರಂ ಒತ್ತಿದ. ಸುತ್ತಲಿನ ನೆಲೆಗಳಲ್ಲೆಲ್ಲ ಅಲಾರಂ ಹೊಡೆಯಿತು. ವೋಕ್ ಫೀಲ್ಡ್ ಅನ್ನುವ ನೆಲೆಯಲ್ಲಿ ವೈರಿಂಗ್ ತಪ್ಪಿತ್ತು, ‘ಯಾರೋ ನುಗ್ಗಿದ್ದಾರೆ’ ಅನ್ನುವ ಗಂಟೆ ಹೊಡೆಯುವ ಬದಲು ‘ಹಾರಿ’ ಅನ್ನುವ ಗಂಟೆ ಹೊಡೆಯಿತು. ಪೈಲಟ್‌ಗಳು ಓಡಿ ಹೋಗಿ ಅಣ್ವಸ್ತ್ರ ಹೊತ್ತ ವಿಮಾನ ಹತ್ತಿದರು. ರನ್‌ವೇಯಲ್ಲಿ ಹೊರಟೇಬಿಟ್ಟಿದ್ದರು. ಡುಲೂತಿನಿಂದ ‘ತಪ್ಪಾಗಿದೆ’ ಅಂತ ಸುದ್ದಿ ಬಂದಾಗ ಒಬ್ಬ ಅಧಿಕಾರಿ ಕಾರು ತಗೊಂಡು ರನ್‌ವೇಗೇ ನುಗ್ಗಿ ಹೆಡ್‌ಲೈಟ್ ಮಿನುಗಿಸಿ ನಿಲ್ಲಿಸಿದ. ಬೇಲಿ ಹತ್ತುತ್ತಿದ್ದದ್ದು ಕರಡಿ.

1980ರ ಜೂನ್ 3ರಂದು ಅಮೆರಿಕದ ಪರದೆಗಳ ಮೇಲೆ ನೂರಾರು ಸೋವಿಯತ್ ಕ್ಷಿಪಣಿ ಬರುತ್ತಿರುವ ಹಾಗೆ ಕಂಡಿತು. ಸೊನ್ನೆ ಇರಬೇಕಾದ ಕಡೆ 2 ಬೀಳುತ್ತಿತ್ತು. ಕಾರಣ 46 ಸೆಂಟ್ ಬೆಲೆಯ ಒಂದು ಚಿಪ್. 1983ರ ಸೆಪ್ಟೆಂಬರ್ 26ರಂದು ಸೋವಿಯತ್ ಉಪಗ್ರಹ ಐದು ಅಮೆರಿಕನ್ ಕ್ಷಿಪಣಿ ಹಾರಿವೆ ಅಂದಿತು. ಪಾಳಿಯಲ್ಲಿದ್ದ ಸ್ಟಾನಿಸ್ಲಾವ್ ಪೆಟ್ರೋವ್ ನಂಬಲಿಲ್ಲ. ಯುದ್ಧ ಶುರು ಮಾಡುವವರು ಬರೀ ಐದು ಬಿಡುತ್ತಾರಾ ಅನ್ನುವುದು ಅವರ ಯೋಚನೆ. ಸುಳ್ಳು ಅಲಾರಂ ಅಂತಲೇ ಮೇಲಕ್ಕೆ ವರದಿ ಮಾಡಿದರು. ಮೋಡದ ಮೇಲೆ ಬಿದ್ದ ಬಿಸಿಲು ಕ್ಷಿಪಣಿಯ ಬೆಂಕಿ ಹಾಗೆ ಕಂಡಿತ್ತು.

ಖಂಡಾಂತರ ಕ್ಷಿಪಣಿ ತಲುಪುವುದಕ್ಕೆ ಸುಮಾರು ಅರ್ಧ ಗಂಟೆ. ಜಲಾಂತರ್ಗಾಮಿಯಿಂದ ಬಿಟ್ಟರೆ ಅದಕ್ಕೂ ಕಡಿಮೆ. ಅದರಲ್ಲಿ ಪತ್ತೆ ಹಚ್ಚುವುದಕ್ಕೆ, ನಾಯಕರನ್ನು ಎಬ್ಬಿಸುವುದಕ್ಕೆ ಹೋದ ಸಮಯ ಕಳೆದರೆ ತೀರ್ಮಾನಕ್ಕೆ ಉಳಿಯುವುದು ಕೆಲವೇ ನಿಮಿಷ. ಭಯ ಈ ನಿಮಿಷಗಳನ್ನು ಕಡಿಮೆ ಮಾಡುತ್ತದೆ, ಜಾಸ್ತಿ ಮಾಡುವುದಿಲ್ಲ. ಜಾಸ್ತಿ ಮಾಡಬೇಕು ಅಂದರೆ ಎದುರಿನವನ ಜೊತೆ ಮೊದಲೇ ಮಾತಾಡಿಕೊಂಡಿರಬೇಕು.

---

ಅಲಾರಂ ರೂಮ್

ಇನ್ನೊಂದು ಬಿಟ್ಟೆ. 1995ರ ಜನವರಿ 25. ನಾರ್ವೆಯಿಂದ ವಿಜ್ಞಾನಿಗಳು ಉತ್ತರ ಧ್ರುವದ ಬೆಳಕಿನ ಬಗ್ಗೆ ತಿಳಿಯುವುದಕ್ಕೆ ರಾಕೆಟ್ ಬಿಟ್ಟರು. ರಷ್ಯಾದ ರೇಡಾರಿಗೆ ಅದು ಅಮೆರಿಕದ ಜಲಾಂತರ್ಗಾಮಿಯಿಂದ ಹೊರಟ ಕ್ಷಿಪಣಿ ಹಾಗೆ ಕಂಡಿತು. ರಷ್ಯಾದ ಅಧ್ಯಕ್ಷ ಯೆಲ್ಟ್ಸಿನ್ ಮುಂದೆ ಅಣ್ವಸ್ತ್ರ ಹಾರಿಸುವ ಆದೇಶ ಕೊಡುವ ಬ್ರೀಫ್‌ಕೇಸ್ ತೆರೆದರು. ನಾರ್ವೆ ವಾರಗಳ ಮೊದಲೇ ಹಲವು ದೇಶಗಳಿಗೆ ಪತ್ರ ಬರೆದಿತ್ತು, ರಷ್ಯಾಕ್ಕೂ. ಆ ಕಾಗದ ರೇಡಾರ್ ಮುಂದೆ ಕೂತವನ ಮೇಜಿಗೆ ಹೋಗಲೇ ಇಲ್ಲ!

ಇದನ್ನು ಓದಿದಾಗ ನನಗೆ ನಗು ಬರಲಿಲ್ಲ. ನಮ್ಮಲ್ಲೂ ಹೀಗೇ ಆಗಿದೆ. ವಾಲ್ವ್ ಬಂದ್ ಮಾಡುತ್ತೇವೆ ಅಂತ ಬೆಳಗಿನ ಪಾಳಿಯವರು ಬರೆದಿಟ್ಟ ಚೀಟಿ ರಾತ್ರಿ ಪಾಳಿಗೆ ಸಿಗದೆ ಎಲ್ಲ ನಿಲ್ಲಿಸಬೇಕಾಯಿತು. ಹಾಗಾಗಿ ರಾಜತಾಂತ್ರಿಕತೆ ಅಂದರೆ ನನ್ನ ಮಟ್ಟಿಗೆ ಚೀಟಿ ಸರಿಯಾದ ಮೇಜಿಗೆ ತಲುಪುವ ಹಾಗೆ ಮಾಡುವ ಕೆಲಸ. 1987ರಲ್ಲಿ ವಾಷಿಂಗ್ಟನ್ ಮತ್ತು ಮಾಸ್ಕೋದಲ್ಲಿ ಅಣ್ವಸ್ತ್ರ ಅಪಾಯ ತಗ್ಗಿಸುವ ಕೇಂದ್ರ ಅಂತ ಮಾಡುವುದಕ್ಕೆ ಒಪ್ಪಿದರು. ಮರುವರ್ಷದಿಂದ ಆ ಕೇಂದ್ರಗಳಲ್ಲಿ ಹಗಲು ರಾತ್ರಿ ಜನ ಕೂತು ಇಂಥ ಸೂಚನೆಗಳನ್ನೇ ಕಳಿಸಿಕೊಳ್ಳುತ್ತಿದ್ದಾರೆ. 2000ದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಎರಡೂ ದೇಶದವರು ಮಾಸ್ಕೋದಲ್ಲಿ ಪಕ್ಕಪಕ್ಕ ಕೂತು ಒಂದೇ ಪರದೆ ನೋಡುವ ಕೇಂದ್ರಕ್ಕೆ ಸಹಿ ಹಾಕಿದರು. ಅದು ಶುರುವಾಗಲೇ ಇಲ್ಲ. ನನಗೆ ತುಂಬಾ ಬೇಸರ ಆಗುವುದು ಇದಕ್ಕೇ.

---

ನಿದ್ದೆಗೆಟ್ಟವ

ಅಯ್ಯೋ, ಇನ್ನು ನಿದ್ದೆ ಬಂದ ಹಾಗೇ!

ಒಂದು ಸಂಶಯ. ಹಾಟ್‌ಲೈನ್, ಸೂಚನೆ ಎಲ್ಲ ಸರಿ, ಅದರಲ್ಲಿ ಯಾರಿಗೂ ನಷ್ಟ ಇಲ್ಲ, ಒಪ್ಪುತ್ತಾರೆ. ಆದರೆ ‘ನಾನು ಇಷ್ಟು ಬಾಂಬ್ ಕಡಿಮೆ ಮಾಡುತ್ತೇನೆ’ ಅಂತ ಹೇಳಿ ಒಳಗೆ ಬಚ್ಚಿಟ್ಟರೆ? ಭಾವ ಕೇಳುವ ಮುಂದಿನ ಪ್ರಶ್ನೆ ಇದೇ, ನನಗೆ ಗೊತ್ತು.

---

ಲೆಕ್ಕ ತಪಾಸಿಗ

ಲೆಕ್ಕ ಪರಿಶೋಧನೆ ನನ್ನ ಕಸುಬು, ಹಾಗಾಗಿ ಇದು ನನ್ನ ಪ್ರಶ್ನೆ.

ಯಾರೂ ಯಾರನ್ನೂ ನಂಬಿ ಸಹಿ ಹಾಕುವುದಿಲ್ಲ. ನಂಬಿಕೆ ಇದ್ದಿದ್ದರೆ ಒಪ್ಪಂದ ಯಾಕೆ ಬೇಕಿತ್ತು? ‘ನಂಬು, ಆದರೆ ಪರೀಕ್ಷಿಸು’ ಅನ್ನುವ ರಷ್ಯನ್ ಗಾದೆಯನ್ನು ಅಮೆರಿಕದ ಅಧ್ಯಕ್ಷ ರೇಗನ್ ಪದೇ ಪದೇ ಹೇಳುತ್ತಿದ್ದರು. 1987ರ ಡಿಸೆಂಬರ್ 8ರಂದು ಐಎನ್‌ಎಫ್ ಒಪ್ಪಂದಕ್ಕೆ ಸಹಿ ಹಾಕುವಾಗಲೂ ಹೇಳಿದರು. ಪ್ರತಿ ಸಲವೂ ಇದನ್ನೇ ಹೇಳುತ್ತೀರಲ್ಲ ಅಂತ ಸೋವಿಯತ್ ನಾಯಕ ಗೋರ್ಬಚೇವ್ ಅಲ್ಲೇ ತಮಾಷೆ ಮಾಡಿದರು.

ಆ ಒಪ್ಪಂದ ನೆಲದಿಂದ ಹಾರುವ, 500ರಿಂದ 5,500 ಕಿಲೋಮೀಟರ್ ದೂರದ ಕ್ಷಿಪಣಿಗಳ ಬಗ್ಗೆ. ಯುರೋಪಿನಲ್ಲಿ ಇಟ್ಟಿದ್ದ ಅತಿ ಅಪಾಯದ ಸರಕು ಅದು, ಯಾಕೆಂದರೆ ಹಾರಿದರೆ ಕೆಲವೇ ನಿಮಿಷದಲ್ಲಿ ತಲುಪುತ್ತಿತ್ತು. 1991ರ ಹೊತ್ತಿಗೆ 2,692 ಕ್ಷಿಪಣಿ ನಾಶ ಆದವು. ಸೋವಿಯತ್ ಪಾಲು 1,846, ಅಮೆರಿಕದ್ದು 846. ಜಾಸ್ತಿ ಇದ್ದವನು ಜಾಸ್ತಿ ಕಳೆದುಕೊಂಡ. ಹೇಗೆ ನಾಶ ಮಾಡಿದರು ಅಂತ ಕೇಳಿ. ಕ್ರೂಸ್ (ವಿಮಾನದ ಹಾಗೆ ಕೆಳಗೆ ಹಾರುವ) ಕ್ಷಿಪಣಿಗಳನ್ನು ಗರಗಸದಲ್ಲಿ ಉದ್ದಕ್ಕೆ ಸೀಳಿದರು. ಅಮೆರಿಕದ ಪರ್ಶಿಂಗ್ ಕ್ಷಿಪಣಿಗಳ ಮೋಟಾರನ್ನು ನೆಲಕ್ಕೆ ಬಿಗಿದು ಸುಟ್ಟು, ಖಾಲಿ ಕೊಳವೆಯನ್ನು ಜಜ್ಜಿದರು. ಎದುರು ಪಕ್ಷದ ಇನ್‌ಸ್ಪೆಕ್ಟರ್‌ಗಳು ಪಕ್ಕದಲ್ಲೇ ನಿಂತು ಎಣಿಸಿದರು. ಅಷ್ಟಕ್ಕೇ ಬಿಡಲಿಲ್ಲ. ಕ್ಷಿಪಣಿ ತಯಾರಾಗುವ ಸೋವಿಯತ್ ಊರು ವೋಟ್ಕಿನ್ಸ್ಕ್‌ನ ಕಾರ್ಖಾನೆ ಗೇಟಿನ ಹೊರಗೆ ಅಮೆರಿಕನ್ನರು, ಅಮೆರಿಕದ ಯೂಟಾ ರಾಜ್ಯದ ಮ್ಯಾಗ್ನಾದ ಕಾರ್ಖಾನೆ ಗೇಟಿನ ಹೊರಗೆ ಸೋವಿಯತ್ತಿನವರು ಹದಿಮೂರು ವರ್ಷ ವಾಸ ಮಾಡಿ ಹೊರಗೆ ಹೋಗುವ ದೊಡ್ಡ ವಾಹನಗಳನ್ನೆಲ್ಲ ನೋಡಿದರು. ಹಿಮದಲ್ಲಿ ನಿಂತು ಲಾರಿಯ ಉದ್ದ ಅಳೆಯುವುದೂ ಶಾಂತಿಯ ಕೆಲಸವೇ, ನಾನಂತೂ ಅದನ್ನು ದೊಡ್ಡದು ಅಂತಲೇ ತಿಳಿಯುತ್ತೇನೆ.

ಆಡಿಟರ್ ಯಾವತ್ತಾದರೂ ಬರಬಹುದು ಅಂತ ಗೊತ್ತಿದ್ದರೆ ಕ್ಯಾಶ್ ಬುಕ್ ತಾನಾಗಿ ಸರಿ ಇರುತ್ತದೆ. ಇದು ಅದೇ. ನ್ಯೂ ಸ್ಟಾರ್ಟ್ ಒಪ್ಪಂದದಲ್ಲೂ ವರ್ಷಕ್ಕೆ 18ರವರೆಗೆ ತಪಾಸಣೆ ಇತ್ತು, ಅದೂ ಕಡಿಮೆ ಸಮಯದ ಸೂಚನೆ ಕೊಟ್ಟು. ಒಂದೊಂದು ಕಡೆಯಲ್ಲೂ ಸಜ್ಜಾಗಿರುವ ಸಿಡಿತಲೆ 1,550 ಮೀರಬಾರದು ಅನ್ನುವುದು ಅದರ ಮಿತಿ ಆಗಿತ್ತು. ಕೋವಿಡ್ ಅಂತ 2020ರಲ್ಲಿ ತಪಾಸಣೆ ನಿಂತಿತು, ಮತ್ತೆ ಶುರುವಾಗಲಿಲ್ಲ. ಒಪ್ಪಂದದ ಅವಧಿಯನ್ನೂ 2026ರ ಫೆಬ್ರವರಿ 5ರವರೆಗೆ ಮಾತ್ರ ವಿಸ್ತರಿಸಿದ್ದರು. ಭಾವ ಬೆರಳು ಮಡಚಿದ್ದರಲ್ಲಿ ನನಗೂ ಜಾಸ್ತಿ ನೋವು ಇದೇ. ಕಾಗದ ಹರಿದದ್ದಕ್ಕಿಂತ, ಹೋಗಿ ನೋಡಿ ಬರುವವರು ನಿಂತುಹೋದದ್ದು ನಷ್ಟ.

ಮೊತ್ತ ಬೇಕಾ? 1986ರಲ್ಲಿ ಪ್ರಪಂಚದಲ್ಲಿ ಸುಮಾರು 70,000 ಸಿಡಿತಲೆ ಇದ್ದವು. ಈಗ ಸುಮಾರು 12,000. ಈ ವ್ಯತ್ಯಾಸ ಭಯದಿಂದ ಬಂದದ್ದಲ್ಲ. ಸೋವಿಯತ್ತಿಗೂ ಬಾಂಬ್ ಸಿಕ್ಕ 1949ರಿಂದ 1986ರವರೆಗೆ ಭಯ ಇತ್ತು, ಆಗೆಲ್ಲ ಸಂಖ್ಯೆ ಏರುತ್ತಲೇ ಹೋಯಿತು.

ಒಂದು ತಿದ್ದುಪಡಿ ನಾನೇ ಹಾಕುತ್ತೇನೆ, ಇಲ್ಲದಿದ್ದರೆ ನೇರಾನೇರ ಹಾಕುತ್ತಾರೆ. ಐಎನ್‌ಎಫ್‌ನಲ್ಲಿ ಕ್ಷಿಪಣಿ ನಾಶ ಆಯಿತು, ಒಳಗಿನ ಅಣುಸಾಮಗ್ರಿ ಆಗಲಿಲ್ಲ. ಅದನ್ನು ತೆಗೆದಿಟ್ಟುಕೊಳ್ಳಲು ಅವಕಾಶ ಇತ್ತು. ಆದರೆ ಆಮೇಲೆ 1993ರಲ್ಲಿ ಮಾಡಿಕೊಂಡ ಬೇರೆ ಒಪ್ಪಂದದ ಪ್ರಕಾರ ರಷ್ಯಾದ ಬಾಂಬುಗಳಿಂದ ತೆಗೆದ 500 ಟನ್ ಯುರೇನಿಯಂ ಅನ್ನು ತೆಳು ಮಾಡಿ ಅಮೆರಿಕದ ವಿದ್ಯುತ್ ಸ್ಥಾವರಗಳಿಗೆ ಮಾರಿದರು. 2013ರವರೆಗೆ ನಡೆಯಿತು. ಆ ವರ್ಷಗಳಲ್ಲಿ ಅಮೆರಿಕದ ವಿದ್ಯುತ್ತಿನ ಸುಮಾರು ಹತ್ತನೇ ಒಂದು ಭಾಗ ಬಂದದ್ದು ತಮ್ಮ ಮೇಲೆ ಬೀಳಬೇಕಿದ್ದ ಬಾಂಬುಗಳಿಂದಲೇ.

---

ನೇರಾನೇರ

ಲೆಕ್ಕ ಒಪ್ಪಿದೆ. ಆದರೆ 70,000 ಇದ್ದಾಗಲೂ ಪ್ರಪಂಚ ಸಾಯಬಹುದಿತ್ತು, 12,000 ಇದ್ದಾಗಲೂ ಸಾಯಬಹುದು. ಏನು ಕಡಿಮೆ ಆಯಿತು?

---

ಲೆಕ್ಕ ತಪಾಸಿಗ

ಬಚ್ಚಿಟ್ಟ ಪೆಟ್ರೋಲ್ ಕ್ಯಾನ್ ಎಪ್ಪತ್ತು ಇದ್ದರೂ ಮನೆ ಸುಡುತ್ತದೆ, ಹನ್ನೆರಡು ಇದ್ದರೂ ಸುಡುತ್ತದೆ ಅಂತೀರಾ? ಸರಿ. ಆದರೆ ಎಡವಿ ಬೀಳುವುದಕ್ಕೆ, ಕಳುವಾಗುವುದಕ್ಕೆ, ಸೋರುವುದಕ್ಕೆ ಐವತ್ತೆಂಟು ಕ್ಯಾನ್ ಕಡಿಮೆ. ಮೇಲೆ ಕರಡಿ ಕತೆ ಓದಿದರಲ್ಲ.

---

ಬಿಡಿಗನಸು

ನೀವೆಲ್ಲ ನಾಯಕರು, ಆಪರೇಟರ್, ಇನ್‌ಸ್ಪೆಕ್ಟರ್ ಅಂತ ಹೇಳಿದಿರಿ. ಹಲ್ಲಿನ ಕತೆ ಯಾರೂ ಹೇಳಲಿಲ್ಲ, ನಾನು ಹೇಳುತ್ತೇನೆ.

1950ರ ದಶಕದಲ್ಲಿ ಬಾಂಬುಗಳನ್ನು ಬಯಲಿನಲ್ಲೇ ಸಿಡಿಸಿ ಪರೀಕ್ಷೆ ಮಾಡುತ್ತಿದ್ದರು. 1954ರ ಮಾರ್ಚ್ 1ರಂದು ಬಿಕಿನಿ ದ್ವೀಪದ ಹತ್ತಿರ ಅಮೆರಿಕ ಸಿಡಿಸಿದ ಬಾಂಬ್ ಅಂದುಕೊಂಡದ್ದಕ್ಕಿಂತ ಎರಡೂವರೆ ಪಟ್ಟು ಜೋರಾಯಿತು. ದೂರದಲ್ಲಿದ್ದ ಜಪಾನಿನ ಮೀನುಗಾರರ ದೋಣಿಯ ಮೇಲೆ ಬಿಳಿ ಬೂದಿ ಮಳೆ ಹಾಗೆ ಸುರಿಯಿತು. 23 ಜನರೂ ಕಾಯಿಲೆ ಬಿದ್ದರು, ಒಬ್ಬರು ಕೆಲವೇ ತಿಂಗಳಲ್ಲಿ ತೀರಿಹೋದರು. ಹೀಗೆ ಗಾಳಿಗೆ ಹೋದದ್ದರಲ್ಲಿ ಸ್ಟ್ರಾನ್ಶಿಯಂ-90 ಅಂತ ಒಂದು ಇದೆ. ಅದು ಕ್ಯಾಲ್ಸಿಯಂನ ವೇಷ ಹಾಕಿಕೊಂಡು ಬರುತ್ತದೆ. ಮಳೆಯಿಂದ ಹುಲ್ಲಿಗೆ, ಹುಲ್ಲಿನಿಂದ ಹಸುವಿಗೆ, ಹಾಲಿನಿಂದ ಮಗುವಿನ ಮೂಳೆಗೆ, ಹಲ್ಲಿಗೆ.

ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ಕೆಲವು ವೈದ್ಯರು, ವಿಜ್ಞಾನಿಗಳು, ತಾಯಂದಿರು ಸೇರಿ 1958ರಲ್ಲಿ ಮಕ್ಕಳ ಬಿದ್ದ ಹಾಲುಹಲ್ಲು ಕೂಡಿಸುವುದಕ್ಕೆ ಶುರು ಮಾಡಿದರು. ಹಲ್ಲು ಕೊಟ್ಟ ಮಗುವಿಗೆ ‘ನಾನು ವಿಜ್ಞಾನಕ್ಕೆ ಹಲ್ಲು ಕೊಟ್ಟೆ’ ಅನ್ನುವ ಬಿಲ್ಲೆ. ಮೂರು ಲಕ್ಷಕ್ಕೂ ಜಾಸ್ತಿ ಹಲ್ಲು ಬಂದವು. ಪರೀಕ್ಷೆಗಳು ಹೆಚ್ಚಿದ ಹಾಗೆ ಹಲ್ಲಿನಲ್ಲಿ ಆ ವಿಷವೂ ಹೆಚ್ಚಿದ್ದು ಲೆಕ್ಕದಲ್ಲಿ ಸಿಕ್ಕಿತು. 1961ರ ನವೆಂಬರ್ 1ರಂದು ಹತ್ತಾರು ಊರುಗಳಲ್ಲಿ ಸಾವಿರಾರು ಹೆಂಗಸರು ಮನೆಗೆಲಸ ಬಿಟ್ಟು ಬೀದಿಗೆ ಇಳಿದರು. 1963ರ ಆಗಸ್ಟ್ 5ರಂದು ಮಾಸ್ಕೋದಲ್ಲಿ ಅಮೆರಿಕ, ಸೋವಿಯತ್, ಬ್ರಿಟನ್ ಸಹಿ ಹಾಕಿದವು. ಗಾಳಿಯಲ್ಲಿ, ನೀರಿನಲ್ಲಿ, ಬಾಹ್ಯಾಕಾಶದಲ್ಲಿ ಪರೀಕ್ಷೆ ಇಲ್ಲ ಅಂತಾಯಿತು. ಹತ್ತು ತಿಂಗಳ ಹಿಂದೆ ಕ್ಯೂಬಾ ವಿಷಯದಲ್ಲಿ ಹೊಡೆದಾಟಕ್ಕೆ ನಿಂತಿದ್ದವರೇ ಇವರು.

ಪೂರ್ತಿ ನಿಲ್ಲಲಿಲ್ಲ, ನೆಲದ ಒಳಗೆ ಮಾಡಿದರು. ಫ್ರಾನ್ಸ್, ಚೀನಾ ಬಯಲಲ್ಲೇ ಮುಂದುವರಿಸಿದವು, ಕೊನೆಯದು 1980ರಲ್ಲಿ. ಆದರೂ ಸಹಿಯಾದ ಮೇಲೆ ಹುಟ್ಟಿದ ಮಕ್ಕಳ ಹಲ್ಲಿನಲ್ಲಿ ಸ್ಟ್ರಾನ್ಶಿಯಂ ಇಳಿಯಿತು. ಬೆರಳಿಟ್ಟು ತೋರಿಸುವಂಥದ್ದು ಬೇಕು ಅಂದಿರಲ್ಲ, ನನ್ನ ಪ್ರಕಾರ ಇದಕ್ಕಿಂತ ನೇರವಾದದ್ದು ಸಿಗುವುದಿಲ್ಲ. ಒಪ್ಪಂದ ಕೆಲಸ ಮಾಡಿತಾ ಅಂತ ಮಗುವಿನ ಬಾಯಲ್ಲಿ ನೋಡಬಹುದು.

---

ಗಡಿಯಾರದ ಮುಳ್ಳು

ಹತ್ತಿರದ್ದೂ ಒಂದು ಹೇಳಿಬಿಡೋಣ. ಭಾರತ, ಪಾಕಿಸ್ತಾನ 1988ರ ಡಿಸೆಂಬರ್ 31ರಂದು ಒಂದು ಒಪ್ಪಂದ ಮಾಡಿಕೊಂಡವು, ಒಬ್ಬರ ಅಣುಸ್ಥಾವರದ ಮೇಲೆ ಇನ್ನೊಬ್ಬರು ದಾಳಿ ಮಾಡುವ ಹಾಗಿಲ್ಲ ಅಂತ. ಅದರ ಪ್ರಕಾರ 1992ರಿಂದ ಪ್ರತಿ ಜನವರಿ 1ಕ್ಕೆ ಸ್ಥಾವರಗಳ ಪಟ್ಟಿ ಬದಲಾಯಿಸಿಕೊಳ್ಳುತ್ತಾರೆ. ಕಾರ್ಗಿಲ್ ಆಯಿತು, ಸಂಸತ್ತಿನ ಮೇಲೆ ದಾಳಿ ಆಯಿತು, ಬಾಲಾಕೋಟ್ ಆಯಿತು. ಬಸ್ಸು ನಿಂತವು, ರೈಲು ನಿಂತವು, ಕ್ರಿಕೆಟ್ ನಿಂತಿತು. ಪಟ್ಟಿ ಮಾತ್ರ ನಿಲ್ಲಲಿಲ್ಲ. ಪೇಪರಿನಲ್ಲಿ ಎರಡು ಸಾಲು ಬರುತ್ತದೆ, ಯಾರೂ ಓದುವುದಿಲ್ಲ.

ಕೊರತೆಯೂ ಇದೆ. 2005ರಲ್ಲಿ ಕ್ಷಿಪಣಿ ಪರೀಕ್ಷೆ ಮೊದಲೇ ತಿಳಿಸುವ ಒಪ್ಪಂದ ಆಯಿತು, ಅದು ಬ್ಯಾಲಿಸ್ಟಿಕ್ (ಮೇಲಕ್ಕೆ ಹಾರಿ ಕಮಾನಿನ ಹಾಗೆ ಬಂದು ಬೀಳುವ) ಕ್ಷಿಪಣಿಗೆ ಮಾತ್ರ, ಕ್ರೂಸ್ ಬರುವುದಿಲ್ಲ. 2022ರ ಮಾರ್ಚ್ 9ರಂದು ಭಾರತದ ಒಂದು ಬ್ರಹ್ಮೋಸ್ ಕ್ರೂಸ್ ಕ್ಷಿಪಣಿ ಆಕಸ್ಮಿಕವಾಗಿ ಹಾರಿ ಪಾಕಿಸ್ತಾನದ ಮಿಯಾಂ ಚನ್ನು ಹತ್ತಿರ ಬಿತ್ತು. ಸಿಡಿತಲೆ ಇರಲಿಲ್ಲ, ಯಾರೂ ಸಾಯಲಿಲ್ಲ. ತಾಂತ್ರಿಕ ದೋಷದಿಂದ ಆದದ್ದು ಅಂತ ಭಾರತ ಹೇಳಿದ್ದು 11ರಂದು. ಎರಡು ದಿನ! ಬೇರೆ ಯಾವುದೋ ಬಿಸಿ ಏರಿದ ವಾರದಲ್ಲಿ ಇದು ಆಗಿದ್ದರೆ ಏನು ಅಂತ ಯೋಚಿಸಿದರೆ ಮೈ ಜುಮ್ಮೆನ್ನುತ್ತದೆ. ಆಮೇಲೆ ಮೂವರು ವಾಯುಪಡೆ ಅಧಿಕಾರಿಗಳನ್ನು ವಜಾ ಮಾಡಿದರು. ನನ್ನ ಕೇಳಿದರೆ ಆ 2005ರ ಕಾಗದಕ್ಕೆ ‘ಕ್ರೂಸ್’ ಅನ್ನುವ ಒಂದು ಪದ ಸೇರಿಸುವುದು ಹತ್ತು ಶಾಂತಿ ಸಮ್ಮೇಳನಕ್ಕಿಂತ ಮೇಲು.

---

ನೇರಾನೇರ

ಸರಿ, ಪೂರ್ತಿ ಸೋಲೊಪ್ಪುವುದಿಲ್ಲ. ಬಾಂಬ್ ಇಲ್ಲದವನ ಜೊತೆ ಯಾರೂ ಇಷ್ಟು ವಿನಯವಾಗಿ ಮಾತಾಡುವುದಿಲ್ಲ, ಉಕ್ರೇನಿಗೆ ಇಲ್ಲಿ ಯಾರೂ ಉತ್ತರ ಕೊಡಲಿಲ್ಲ. ಆದರೆ ಬೇಲಿ ಹತ್ತುವ ಕರಡಿಗೂ ಭಯದ ಸಿದ್ಧಾಂತದಲ್ಲಿ ಉತ್ತರ ಇಲ್ಲ, ಅದನ್ನು ಒಪ್ಪುತ್ತೇನೆ.

---

ಹಳೇ ಟೆಲಿಪ್ರಿಂಟರ್

@ನೇರಾನೇರ, ಉಕ್ರೇನಿಗೆ ಉತ್ತರ ನನ್ನ ಹತ್ತಿರವೂ ಇಲ್ಲ. ಆ ಕಾಗದದಲ್ಲಿ ಭರವಸೆ ಇತ್ತು, ಮುರಿದರೆ ಯಾರು ಏನು ಮಾಡಬೇಕು ಅನ್ನುವುದು ಇರಲಿಲ್ಲ. ವೋಟ್ಕಿನ್ಸ್ಕ್ ಗೇಟಿನ ಹೊರಗೆ ಕೂತವರ ಹಾಗೆ ಅಲ್ಲಿ ಯಾರನ್ನೂ ಕೂರಿಸಿರಲಿಲ್ಲ.

---

ನಿದ್ದೆಗೆಟ್ಟವ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇದನ್ನೆಲ್ಲ ಭಾವನಿಗೆ ಕಳಿಸಿದೆ. ಎರಡು ದಿನ ಉತ್ತರ ಇರಲಿಲ್ಲ. ಇವತ್ತು ಬೆಳಿಗ್ಗೆ ಫೋನ್ ಮಾಡಿದರು. ಬಾಂಬ್, ಒಪ್ಪಂದ ಯಾವುದರ ಬಗ್ಗೆಯೂ ಮಾತಿಲ್ಲ. ‘ಆ ಹಾಟ್‌ಲೈನಿನಲ್ಲಿ ಮೊಟ್ಟಮೊದಲು ಏನು ಕಳಿಸಿದರು, ಕೇಳು’ ಅಂದರು. ಟೆಲಿಪ್ರಿಂಟರ್ ಸಾರ್, ಗೊತ್ತಾ?

---

ಹಳೇ ಟೆಲಿಪ್ರಿಂಟರ್

ಗೊತ್ತಿಲ್ಲದೆ ಏನು! ಚುರುಕು ಕಂದು ನರಿ ಸೋಮಾರಿ ನಾಯಿಯ ಬೆನ್ನ ಮೇಲಿಂದ ಹಾರಿತು ಅನ್ನುವ ಇಂಗ್ಲಿಷ್ ವಾಕ್ಯ, ಜೊತೆಗೆ ಒಂದರಿಂದ ಸೊನ್ನೆವರೆಗೆ ಅಂಕಿ. ಇಂಗ್ಲಿಷಿನ ಎಲ್ಲ ಅಕ್ಷರವೂ ಅದರಲ್ಲಿ ಬಂದುಬಿಡುತ್ತವೆ, ಯಾವ ಕೀಲಿ ಕೆಟ್ಟಿದೆ ಅಂತ ತಕ್ಷಣ ಗೊತ್ತಾಗುತ್ತದೆ. ನಾವೂ ಪಾಳಿ ಶುರುವಾದ ಕೂಡಲೇ ಅದೇ ನರಿ ನಾಯಿ ಹೊಡೆಯುತ್ತಿದ್ದೆವು. ಮಾಸ್ಕೋದವರಿಗೆ ಮಾತ್ರ ತಲೆಬುಡ ತಿಳಿಯಲಿಲ್ಲವಂತೆ. ಏನು ಇದರ ಅರ್ಥ ಅಂತ ಕೇಳಿದರಂತೆ.